ಕೋಟೆಯಿಂದ ಕಾವಲಿನವರೆಗೆ: ಚಿತ್ರದುರ್ಗ ಸೀಮೆಯ ಬುಡಕಟ್ಟು ಕಥನ ಮತ್ತು ಕನ್ನಡ ಸಿನಿಮಾ

ನೆಲವನ್ನೂ ಆ ನೆಲದ ಮೂಲ ಜನರನ್ನೂ ಕುರಿತು ಕತೆ ಹೇಳುವ ಚಲನಚಿತ್ರ ನಿರ್ದೇಶಕರು ಆ ಜನರ ದನಿಗೆ ಬೆಂಬಲವಾಗುತ್ತಾರೆಯೇ ಅಥವಾ ಆ ದನಿ ಇರಬೇಕಾದ ಜಾಗದಲ್ಲಿ ತಮ್ಮದೇ ಮಾತನ್ನು ಕೂರಿಸುತ್ತಾರೆಯೇ ಎಂಬ ಪ್ರಶ್ನೆ ಕನ್ನಡದಲ್ಲಿ ಚರ್ಚೆಗೆ ಬಂದಾಗಲೆಲ್ಲ ಉದಾಹರಣೆಗಳು ಬರುವುದು ಮಲೆನಾಡಿನಿಂದ, ಕೊಡಗಿನಿಂದ, ಬಿಳಿಗಿರಿರಂಗನ ಬೆಟ್ಟದಿಂದ. ಕಾಡು, ಕಾಡಿನೊಳಗಿನ ಹಾಡಿ, ಹಾಡಿಯನ್ನು ಎಬ್ಬಿಸಲು ಬರುವ ಅಣೆಕಟ್ಟು ಅಥವಾ ಅರಣ್ಯ ಇಲಾಖೆ, ಇವುಗಳ ಸುತ್ತಲೇ ಅಂಥ ಚಿತ್ರಗಳು ಕಟ್ಟಿಕೊಳ್ಳುತ್ತವೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳನ್ನೂ ಅವಕ್ಕೆ ಹೊಂದಿಕೊಂಡ ಚಳ್ಳಕೆರೆಯ ಬಯಲನ್ನೂ ಈ ಪ್ರಶ್ನೆಯ ಮುಂದಿಟ್ಟರೆ ಆ ಚೌಕಟ್ಟು ಸಾಲುವುದಿಲ್ಲ. ಇಲ್ಲಿಯ ಬುಡಕಟ್ಟುಗಳ ಬದುಕು ದನ, ಕುರಿ, ಮೇವುಗಳದ್ದು. ಅವರ ಪರಿಸರ ಕುರುಚಲು ಗಿಡಗಳ ನಡುವಿನ ಹುಲ್ಲುಗಾವಲು. ಆ ಪರಿಸರದ ಮೇಲೆ ಬಿದ್ದಿರುವ ಒತ್ತಡದ ಸ್ವರೂಪವೂ ಬೇರೆ. ಕನ್ನಡ ಚಿತ್ರರಂಗ ಐವತ್ತು ವರ್ಷಗಳಿಂದ ಈ ಸೀಮೆಗೆ ಕ್ಯಾಮೆರಾ ತರುತ್ತಿದ್ದರೂ ಕೋಟೆಯನ್ನು ಕಂಡಷ್ಟು ಕಾವಲನ್ನು, ಅಂದರೆ ಮೇವಿನ ಬಯಲನ್ನು, ಕಂಡಿಲ್ಲ ಎಂಬುದೂ, ಆ ಕೊರತೆ ತುಂಬಬೇಕಾದರೆ ಇಲ್ಲಿಯ ಜನರಿಂದ ಕತೆಯನ್ನಷ್ಟೇ ಅಲ್ಲದೆ ಕತೆ ಹೇಳುವ ಕ್ರಮವನ್ನೂ ಪಡೆಯಬೇಕು ಎಂಬುದೂ ಈ ಸಮೀಕ್ಷೆ ಮುಂದಿಡುವ ವಾದ.

ಈ ಸೀಮೆಯ ಎರಡು ಸಮುದಾಯಗಳು ಇಲ್ಲಿ ಮುಖ್ಯವಾಗುತ್ತವೆ. ಬೇಡ ಅಥವಾ ನಾಯಕ ಸಮುದಾಯದಲ್ಲಿ ಊರುಬೇಡರು, ಮ್ಯಾಸಬೇಡರು ಎಂಬ ಎರಡು ಕವಲುಗಳಿದ್ದು, ಊರುಗಳಿಂದ ದೂರ, ದನಗಳೊಂದಿಗೆ ಅಡವಿಯ ಬಯಲಿನಲ್ಲಿ ನೆಲೆಸಿದವರು ಮ್ಯಾಸಬೇಡರು. ಇವರ ಪ್ರತಿ ಬೆಡಗಿಗೂ, ಅಂದರೆ ಕುಲದ ಒಳಗುಂಪಿಗೂ, ತನ್ನದೇ ದೈವವಿದ್ದು ಆ ದೈವದ ಹೆಸರಿನಲ್ಲಿ ‘ದೇವರ ಎತ್ತು’ಗಳ ಹಿಂಡುಗಳನ್ನು ಸಾಕಲಾಗುತ್ತದೆ. ಈ ಎತ್ತುಗಳನ್ನು ನೊಗಕ್ಕೆ ಹೂಡುವುದಿಲ್ಲ, ಮಾರುವುದಿಲ್ಲ, ಸತ್ತರೆ ಮನುಷ್ಯರಿಗೆ ಮಾಡುವಂತೆ ಮಣ್ಣು ಮಾಡಲಾಗುತ್ತದೆ. ಹಿಂಡನ್ನು ಕಾಯುವವನಿಗೆ ಕಿಲಾರಿ ಎಂದೂ, ಹಿಂಡು ತಂಗುವ ಮುಳ್ಳುಬೇಲಿಯ ಆವರಣಕ್ಕೆ ರೊಪ್ಪ ಎಂದೂ, ಹಲವು ಹಳ್ಳಿಗಳ ನ್ಯಾಯ ಹಾಗೂ ಆಚರಣೆಗಳ ಕೇಂದ್ರಕ್ಕೆ ಕಟ್ಟೆಮನೆ ಎಂದೂ ಹೆಸರು. ಚಳ್ಳಕೆರೆ ತಾಲ್ಲೂಕಿನ ನನ್ನಿವಾಳ ಅಂಥ ಕಟ್ಟೆಮನೆಗಳಲ್ಲಿ ಒಂದು. ಎರಡನೆಯ ಸಮುದಾಯ ಕಾಡುಗೊಲ್ಲರದು. ಹಿರಿಯೂರು, ಹೊಸದುರ್ಗ, ಚಳ್ಳಕೆರೆ ತಾಲ್ಲೂಕುಗಳಲ್ಲಿಯೂ ನೆರೆಯ ತುಮಕೂರು ಜಿಲ್ಲೆಯ ಶಿರಾ ಸೀಮೆಯಲ್ಲಿಯೂ ಹರಡಿಕೊಂಡಿರುವ ಇವರು ಊರ ಹೊರಗಿನ ಹಟ್ಟಿಗಳಲ್ಲಿ ವಾಸಿಸುತ್ತ ಬಂದವರಾಗಿದ್ದು, ‘ಗೊಲ್ಲರಹಟ್ಟಿ’ ಎಂದು ಕೊನೆಗೊಳ್ಳುವ ನೂರಾರು ಸ್ಥಳನಾಮಗಳು ಆ ವಾಸದ ಗುರುತುಗಳಾಗಿ ಉಳಿದಿವೆ. ಮ್ಯಾಸಬೇಡರು ಪರಿಶಿಷ್ಟ ಪಂಗಡದ ನಾಯಕ ಸಮುದಾಯದೊಳಗೆ ಬರುತ್ತಾರೆ. ತಮ್ಮನ್ನೂ ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಕಾಡುಗೊಲ್ಲರ ಬೇಡಿಕೆ ದೀರ್ಘಕಾಲದ್ದು.

ಎರಡೂ ಸಮುದಾಯಗಳ ಬಳಿ ಇರುವ ಕಥನಸಂಪತ್ತು ದೊಡ್ಡದು. ಕಾಡುಗೊಲ್ಲರ ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪ, ಚಿತ್ರದೇವರು, ಮ್ಯಾಸಬೇಡರ ಗಾದ್ರಿಪಾಲನಾಯಕ ಮೊದಲಾದ ಸಾಂಸ್ಕೃತಿಕ ವೀರರು ದನಗಳ ಹಿಂಡಿನ ಜೊತೆಗೆ ಹೋಗುತ್ತ, ಮೇವು ನೀರುಗಳ ದಾರಿಯಲ್ಲಿ ಬದುಕುತ್ತ, ಅದಕ್ಕಾಗಿಯೇ ಹೋರಾಡುತ್ತ ದೈವತ್ವಕ್ಕೆ ಏರಿದವರು. ಜುಂಜಪ್ಪನ ಕಾವ್ಯದಲ್ಲಿ ಅವನ ಹೋರಿ ಬಡಮೈಲನಿಗೆ ನಾಯಕನಷ್ಟೇ ತೂಕವಿದೆ; ಶಿರಾ ತಾಲ್ಲೂಕಿನ ಕಳುವರಹಳ್ಳಿ ಈ ದೈವದ ಮುಖ್ಯ ಕ್ಷೇತ್ರ. ಈ ಕಾವ್ಯವನ್ನು ಹಾಡುವಾಗ ನುಡಿಸುವ ಉದ್ದನೆಯ ಬಿದಿರಿನ ಕೊಳಲಿಗೆ ಗಣೆ ಎಂದು ಹೆಸರು. ಹಾಡು ನಿಂತಲ್ಲಿ ಗಣೆ ಮುಂದುವರಿಸುತ್ತದೆ, ಗಣೆ ನಿಂತಲ್ಲಿ ಹಾಡು ಎತ್ತಿಕೊಳ್ಳುತ್ತದೆ. ತೀ.ನಂ. ಶಂಕರನಾರಾಯಣ ಅವರು ಕಾಡುಗೊಲ್ಲರ ಸಂಪ್ರದಾಯಗಳ ಮೇಲೆ, ಕೃಷ್ಣಮೂರ್ತಿ ಹನೂರು ಅವರು ಎರಡೂ ಸಮುದಾಯಗಳ ಹಾಡು ಮತ್ತು ಕಾವ್ಯಗಳ ಮೇಲೆ ಮಾಡಿದ ಕೆಲಸ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಬುಡಕಟ್ಟು ಮಹಾಕಾವ್ಯಗಳ ಸಂಗ್ರಹ ಮತ್ತು ಪ್ರಕಟಣೆಗೆ ಹಾಕಿದ ಶ್ರಮ, ಇವುಗಳಿಂದ ಈ ಸಂಪತ್ತಿನ ಒಂದು ಭಾಗ ಅಚ್ಚಿಗೆ ಬಂದಿದೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಹಾಡುಗಳನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದ ಕಾಡುಗೊಲ್ಲ ಹಾಡುಗಾರ್ತಿ. ಅಕ್ಷರ ಕಲಿಯದ ಒಬ್ಬ ಹೆಣ್ಣುಮಗಳ ನೆನಪು ಒಂದು ಸೀಮೆಯ ಗ್ರಂಥಾಲಯವಾಗಬಲ್ಲದು ಎಂಬುದನ್ನು ವಿದ್ವತ್ ಲೋಕ ಅವರ ಮೂಲಕ ಒಪ್ಪಿಕೊಂಡಿತು. ಆದರೆ ಅಚ್ಚಿಗೆ ಬಂದದ್ದು ಮಾತು ಮಾತ್ರ. ರಾತ್ರಿಯ ಹೊತ್ತು, ಬೆಂಕಿಯ ಬೆಳಕು, ಹಾಡುಗಾರರ ಉಸಿರು, ಕೇಳುವವರು ನಡುನಡುವೆ ಸೇರಿಸುವ ಸೊಲ್ಲು ಇವು ಪುಸ್ತಕದಲ್ಲಿ ನಿಲ್ಲುವುದಿಲ್ಲ. ದೃಶ್ಯವನ್ನೂ ಧ್ವನಿಯನ್ನೂ ಒಟ್ಟಿಗೆ ಹಿಡಿಯಬಲ್ಲ ಸಿನಿಮಾ ಮಾಡಬಹುದಾದ ಕೆಲಸ ಇಲ್ಲಿಂದಲೇ ಆರಂಭವಾಗುತ್ತದೆ.

ಸಿನಿಮಾ ಮಾಡಿದ್ದು ಬೇರೆಯದನ್ನು. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ನಿರ್ದೇಶಿಸಿದ ‘ನಾಗರಹಾವು’ ಚಿತ್ರದುರ್ಗದ ಬಂಡೆಗಳನ್ನು ಕನ್ನಡಿಗರ ಕಣ್ಣಿನಲ್ಲಿ ಶಾಶ್ವತಗೊಳಿಸಿತು. ಅದೇ ಚಿತ್ರದ ಒಂದು ಹಾಡು ಒನಕೆ ಓಬವ್ವನನ್ನು ಮನೆಮನೆಗೆ ತಲುಪಿಸಿತು. ತ.ರಾ.ಸು. ಅವರದೇ ಕಾದಂಬರಿಯಿಂದ ಜಿ.ವಿ. ಅಯ್ಯರ್ 1975ರಲ್ಲಿ ಮಾಡಿದ ‘ಹಂಸಗೀತೆ’ ಸಂಗೀತಗಾರನೊಬ್ಬನ ಸಾಧನೆಯ ಕತೆಗೆ ಇದೇ ಕೋಟೆಯ ಸೀಮೆಯನ್ನು ನೆಲೆಯಾಗಿಸಿಕೊಂಡಿತು. ಬಿ.ಎಲ್. ವೇಣು ಅವರ ಕೃತಿಯನ್ನು ಆಧರಿಸಿದ ಟಿ.ಎಸ್. ನಾಗಾಭರಣರ ‘ಕಲ್ಲರಳಿ ಹೂವಾಗಿ’ 2006ರಲ್ಲಿ ಮದಕರಿಯ ಕಾಲದ ದುರ್ಗವನ್ನು ಮತ್ತೆ ಕಟ್ಟಿತು. ಈ ಚಿತ್ರಗಳ ಕಲಾಮೌಲ್ಯದ ಬಗ್ಗೆ ತಕರಾರು ಬೇಕಿಲ್ಲ. ಆದರೆ 1568ರಿಂದ 1779ರವರೆಗೆ ಇಲ್ಲಿ ಆಳಿದ ನಾಯಕರು ಬೇಡ ಸಮುದಾಯದವರು ಎಂಬುದನ್ನೂ, ಆ ಆಳ್ವಿಕೆಯ ಬೆನ್ನ ಹಿಂದೆ ದನಗಾಹಿ ಸಮಾಜವೊಂದು ಇತ್ತು ಎಂಬುದನ್ನೂ ನೆನೆದರೆ, ಕೋಟೆಯ ಹೊರಗಿನ ಬಯಲು ತೆರೆಯ ಮೇಲೆ ಬರಿಯ ಹಿನ್ನೆಲೆಯಾಗಿ ಉಳಿದದ್ದು ದೊಡ್ಡ ಕೊರತೆಯೆಂದೇ ಹೇಳಬೇಕಾಗುತ್ತದೆ. ರಾಜನಾದ ಬೇಡನಿಗೆ ಸಿನಿಮಾದಲ್ಲಿ ಜಾಗ ಸಿಕ್ಕಿತು, ಕಿಲಾರಿಯಾಗಿಯೇ ಉಳಿದ ಬೇಡನಿಗೆ ಸಿಗಲಿಲ್ಲ.

ಪರಿಸರವನ್ನೂ ಸ್ಥಳಾಂತರವನ್ನೂ ಮುಖ್ಯ ವಸ್ತುವಾಗಿಸಿಕೊಂಡ ಕನ್ನಡ ಚಿತ್ರಗಳ ಸಾಲು ಇದಕ್ಕೆ ಸಮಾನಾಂತರವಾಗಿ ಬೆಳೆದಿದೆ. ಅದರಲ್ಲಿ ಮೊದಲು ನೆನೆಯಬೇಕಾದುದು ಕೇಸರಿ ಹರವೂ ಅವರ ‘ಭೂಮಿಗೀತ’. ಅಣೆಕಟ್ಟಿನ ಯೋಜನೆಯಿಂದ ನೆಲೆ ಕಳೆದುಕೊಳ್ಳುವ ಬುಡಕಟ್ಟು ಜನರನ್ನು ಕುರಿತ ಈ ಚಿತ್ರಕ್ಕೆ 1997ರ ಸಾಲಿನಲ್ಲಿ ಪರಿಸರ ಸಂರಕ್ಷಣೆಯ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. ಹರವೂ ಅವರ ಮುಂದಿನ ಹಾದಿಯೂ ಗಮನಿಸಬೇಕಾದದ್ದು: ದೆಹಲಿಯ ಗಡಿಗಳಲ್ಲಿ ನಡೆದ ರೈತ ಚಳವಳಿಯನ್ನು ಕುರಿತು ಅವರು ‘ಕಿಸಾನ್ ಸತ್ಯಾಗ್ರಹ’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಕಥಾಚಿತ್ರದಲ್ಲಿ ಜನರ ಪರವಾಗಿ ಮಾತನಾಡಿದ ನಿರ್ದೇಶಕ ಸಾಕ್ಷ್ಯಚಿತ್ರದಲ್ಲಿ ಜನರೇ ಮಾತನಾಡುವುದನ್ನು ದಾಖಲಿಸುವತ್ತ ಸಾಗಿದ್ದು ಈ ಸಮೀಕ್ಷೆಯ ದೃಷ್ಟಿಯಿಂದ ಬಹಳ ಅರ್ಥಪೂರ್ಣವಾದ ನಡೆ.

ನಾ. ಡಿಸೋಜಾ ಅವರ ಕೃತಿಯನ್ನು ಆಧರಿಸಿದ ಗಿರೀಶ ಕಾಸರವಳ್ಳಿಯವರ ‘ದ್ವೀಪ’ (2002) ಮುಳುಗಡೆಯ ಅನುಭವವನ್ನು ಭಾರತೀಯ ಸಿನಿಮಾದಲ್ಲಿಯೇ ಅಪರೂಪವೆನಿಸುವ ಸೂಕ್ಷ್ಮತೆಯಿಂದ ಹಿಡಿದಿದೆ. ನೀರು ಏರುತ್ತಿರುವ ಗುಡ್ಡದ ಮೇಲೆ ಉಳಿಯುವ ಅರ್ಚಕ ಕುಟುಂಬದ ಕತೆ ಅದು. ಮೊದಲೇ ಗಂಟುಮೂಟೆ ಕಟ್ಟಿಕೊಂಡು ಹೋದವರು ಎಲ್ಲಿ ಸೇರಿದರು, ಹೇಗೆ ಬದುಕಿದರು ಎಂಬ ಇನ್ನೊಂದು ಕತೆ ಆ ಚಿತ್ರದ ಅಂಚಿನಲ್ಲಿಯೇ ನಿಲ್ಲುತ್ತದೆ. ಶಿವರಾಮ ಕಾರಂತರ ಕಾದಂಬರಿಯಿಂದ ಪಿ. ಶೇಷಾದ್ರಿ ಮಾಡಿದ ‘ಬೆಟ್ಟದ ಜೀವ’ಕ್ಕೂ, ಪ್ರವೀಣ್ ಕೃಪಾಕರ್ ಅವರ ‘ತಲೆದಂಡ’ಕ್ಕೂ ಪರಿಸರ ಚಿತ್ರದ ರಾಷ್ಟ್ರಪ್ರಶಸ್ತಿ ಬಂದಿದೆ. ಮೊದಲನೆಯದು ಕಾಡಿನಂಚಿನಲ್ಲಿ ತೋಟ ಕಟ್ಟಿದ ದಂಪತಿಯ ಕಣ್ಣಿನಿಂದ ಬೆಟ್ಟವನ್ನು ನೋಡುತ್ತದೆ. ಎರಡನೆಯದು ಮರಗಳ ಮೇಲೆ ಜೀವ ಇಟ್ಟುಕೊಂಡ ಒಬ್ಬನೇ ಒಬ್ಬನ ಕತೆ. ಕೊಡಗಿನ ದಿಡ್ಡಳ್ಳಿಯಲ್ಲಿ 2016ರ ಡಿಸೆಂಬರಿನಲ್ಲಿ ನಡೆದ ಆದಿವಾಸಿಗಳ ಒಕ್ಕಲೆಬ್ಬಿಸುವಿಕೆಯ ಹಿನ್ನೆಲೆಯ ‘ಕನ್ನೇರಿ’ (2022, ನಿರ್ದೇಶನ ನೀನಾಸಂ ಮಂಜು) ಇತ್ತೀಚಿನ ಘಟನೆಯೊಂದನ್ನು ನೇರವಾಗಿ ಎತ್ತಿಕೊಂಡ ಧೈರ್ಯದ ಚಿತ್ರ. ಅದೇ ವರ್ಷ ಕೋಟ್ಯಂತರ ಜನ ನೋಡಿದ ‘ಕಾಂತಾರ’ ದೈವ, ಭೂಮಿ, ಅರಣ್ಯ ಇಲಾಖೆಗಳ ತಿಕ್ಕಾಟವನ್ನು ಜನಪ್ರಿಯ ಭಾಷೆಗೆ ತಂದರೂ, ಅರಣ್ಯ ಹಕ್ಕುಗಳ ಪ್ರಶ್ನೆಯನ್ನು ಕೊನೆಯಲ್ಲಿ ಒಬ್ಬ ಜಮೀನ್ದಾರನ ದ್ರೋಹಕ್ಕೆ ಇಳಿಸಿ ಮುಗಿಸಿಬಿಟ್ಟಿತು. 2006ರ ಅರಣ್ಯ ಹಕ್ಕು ಕಾಯ್ದೆ ಎಂಬುದೊಂದು ಇದೆ, ಆ ಕಾಯ್ದೆ ಅಲೆಮಾರಿ ಪಶುಪಾಲಕರ ಹಂಗಾಮಿನ ಮೇವಿನ ಹಕ್ಕನ್ನೂ ಒಳಗೊಂಡಿದೆ ಎಂಬ ತಿಳಿವಳಿಕೆ ಈ ಬಗೆಯ ಚಿತ್ರಗಳ ಯಾವ ಪಾತ್ರದ ಬಾಯಲ್ಲೂ ಸಾಮಾನ್ಯವಾಗಿ ಬರುವುದಿಲ್ಲ.

ಬಯಲುಸೀಮೆಯ ಪರಿಸರವನ್ನು ಮುಟ್ಟಿದ ಚಿತ್ರಗಳು ಇನ್ನೂ ಕಡಿಮೆ. ಯು.ಆರ್. ಅನಂತಮೂರ್ತಿಯವರ ಕತೆಯಿಂದ ಎಂ.ಎಸ್. ಸತ್ಯು 1980ರ ದಶಕದ ಆರಂಭದಲ್ಲಿ ಮಾಡಿದ ‘ಬರ’ ಕ್ಷಾಮದ ರಾಜಕಾರಣವನ್ನು ಜಿಲ್ಲಾಧಿಕಾರಿಯೊಬ್ಬನ ಮೂಲಕ ಹೇಳುತ್ತದೆ. ಶಿರಾ ಸೀಮೆಯವರೇ ಆದ ಬರಗೂರು ರಾಮಚಂದ್ರಪ್ಪ ಅವರು ಕೆರೆಗೆ ಆಹುತಿಯಾದ ಸೊಸೆಯ ಜನಪದ ಕಥನಗೀತೆಯನ್ನು ‘ಭಾಗೀರಥಿ’ (2012) ಎಂಬ ಚಿತ್ರವಾಗಿಸಿದಾಗ, ನೀರಿಲ್ಲದ ನಾಡಿನ ಜನಪದ ಕಥನವೊಂದು ಅದೇ ನಾಡಿನವರ ಕೈಯಲ್ಲಿ ಮರುಹುಟ್ಟು ಪಡೆದ ಅಪರೂಪದ ನಿದರ್ಶನ ಸಿಕ್ಕಿತು. ಹುಲ್ಲುಗಾವಲಿಗೆ ಅಂಥ ಚಿತ್ರ ಇನ್ನೂ ಒದಗಿಲ್ಲ.

ಒದಗದಿರುವುದಕ್ಕೆ ಒಂದು ಕಾರಣ ಹುಲ್ಲುಗಾವಲು ಕಣ್ಣಿಗೆ ಕಾಣುವ ರೀತಿಯಲ್ಲಿಯೇ ಇದೆ. ವರ್ಷಕ್ಕೆ 500ರಿಂದ 600 ಮಿಲಿಮೀಟರಿನಷ್ಟು ಮಳೆ ಬೀಳುವ ಈ ಸೀಮೆಯಲ್ಲಿ ಬಯಲು ಹಸುರಾಗಿರುವುದು ಕೆಲವೇ ತಿಂಗಳು. ಉಳಿದ ಕಾಲದಲ್ಲಿ ಒಣಗಿದ ಕರಡ, ಜಾಲಿ, ಕಾರೆ, ಬಾರೆಗಳ ನಡುವಿನ ಈ ನೆಲ ಹೊರಗಿನವರ ಕಣ್ಣಿಗೆ ಪಾಳು ಭೂಮಿ. ಕಂದಾಯದ ಕಾಗದಗಳೂ ಇದನ್ನು ಬಹುಮಟ್ಟಿಗೆ ಹಾಗೆಯೇ ನೋಡಿವೆ. ಆದರೆ ಆ ಒಣ ಕರಡವೇ ಬೇಸಗೆಯ ಮೇವು, ಕೃಷ್ಣಮೃಗ, ತೋಳಗಳಿಗೂ ನೆಲದ ಮೇಲೆ ಗೂಡು ಮಾಡುವ ಹಕ್ಕಿಗಳಿಗೂ ಆ ಬಯಲೇ ಮನೆ. ಈಗ ಅಳಿವಿನಂಚಿನಲ್ಲಿರುವ ಎರ್ಲಡ್ಡು ಹಕ್ಕಿ ಬದುಕಿದ್ದುದೂ ದಖ್ಖನ್ನಿನ ಇಂಥ ಬಯಲುಗಳಲ್ಲಿಯೇ. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿ ಎಂಬ ಇಲಾಖೆಗೆ ಸೇರಿದ ದನಗಳಿಗಾಗಿ ಕಾದಿರಿಸಿದ ಮೇವಿನ ನೆಲಗಳಿಗೆ ಕಾವಲು ಎಂದು ಹೆಸರು ಬಂತು. ಟಿಪ್ಪುವಿನ ಕಾಲದಲ್ಲಿ ಆ ಇಲಾಖೆ ಅಮೃತಮಹಲ್ ಆಯಿತು, ಸೇನೆಯ ಫಿರಂಗಿಗಳನ್ನೂ ಸಾಮಾನುಗಳನ್ನೂ ಎಳೆದ ಎತ್ತುಗಳ ತಳಿಗೂ ಅದೇ ಹೆಸರು ನಿಂತಿತು. ಹೊಸದುರ್ಗಕ್ಕೆ ಸಮೀಪದ ಅಜ್ಜಂಪುರದಲ್ಲಿ ಆ ತಳಿಯ ಸಂವರ್ಧನಾ ಕೇಂದ್ರ ಇಂದಿಗೂ ಇದೆ. ಒಂದು ಕಾಲಕ್ಕೆ ಲಕ್ಷಾಂತರ ಎಕರೆಗಳಷ್ಟು ಇದ್ದ ಕಾವಲುಗಳು ಸಾಗುವಳಿಗೂ ಬೇರೆ ಬೇರೆ ಯೋಜನೆಗಳಿಗೂ ಹೋಗಿ, ಉಳಿದಿರುವುದು ತೀರ ಸಣ್ಣ ಪಾಲು.

ಆ ಉಳಿದ ಪಾಲಿನಲ್ಲಿ ಚಳ್ಳಕೆರೆ ತಾಲ್ಲೂಕಿನ ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳು ಮುಖ್ಯವಾದವು. 2008ರ ನಂತರದ ಕೆಲವೇ ವರ್ಷಗಳಲ್ಲಿ ಇಲ್ಲಿಯ ಸುಮಾರು 10,000 ಎಕರೆ ನೆಲವನ್ನು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಹಾಗೂ ವಿಜ್ಞಾನ ಸಂಸ್ಥೆಗಳಿಗೂ ಸೌರ ವಿದ್ಯುತ್ ಯೋಜನೆಗೂ ಹಂಚಲಾಯಿತು. ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಸಿಕ್ಕಿತು, ರಕ್ಷಣಾ ಸಂಶೋಧನಾ ಸಂಸ್ಥೆಗೆ 4,000 ಎಕರೆಗೂ ಹೆಚ್ಚು. ತಲೆಮಾರುಗಳಿಂದ ದನ ಕುರಿ ಮೇಯಿಸಿದ ಜನ ಬೇಲಿ ಮತ್ತು ಗೋಡೆಗಳ ಹೊರಗೆ ಉಳಿದರು, ವಿಷಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದ ಮುಂದೆ ಹೋಯಿತು. ವಿಜ್ಞಾನ ಸಂಸ್ಥೆಗಳು ಬೇಕು ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಅವುಗಳಿಗೆ ನೆಲ ಹುಡುಕುವಾಗ ಈ ಬಯಲು ಖಾಲಿ ಇದೆ ಎಂದು ತೋರಿದ್ದೇಕೆ ಎಂಬುದು ಕೇಳಬೇಕಾದ ಪ್ರಶ್ನೆ. ಒಂದು ಪ್ರದೇಶ ಪಾಳು ಎಂಬ ತೀರ್ಮಾನ ಕಾಗದಕ್ಕೆ ಬರುವ ಮೊದಲು ಅದು ಪಾಳು ಎಂಬ ಚಿತ್ರ ಮನಸ್ಸಿನಲ್ಲಿ ಮೂಡಿರುತ್ತದೆ. ಮಲೆನಾಡಿನ ಹಸುರನ್ನೇ ಪ್ರಕೃತಿಯೆಂದು ಅರ್ಧ ಶತಮಾನ ತೋರಿಸಿದ ಸಿನಿಮಾ ಆ ಚಿತ್ರ ಮೂಡುವುದರಲ್ಲಿ ಪಾಲುದಾರನೇ.

ಉಳಿದ ತಾಲ್ಲೂಕುಗಳಲ್ಲಿಯೂ ನೆಲದ ರೂಪ ಬದಲಾಗಿದೆ. ಜೋಗಿಮಟ್ಟಿಯ ಸಾಲಿನ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ನಿಂತಿವೆ. ಚಿತ್ರದುರ್ಗ ಮತ್ತು ಹೊಳಲ್ಕೆರೆಯ ನಡುವಿನ ಭೀಮಸಮುದ್ರದ ಸುತ್ತ ಕಬ್ಬಿಣದ ಅದಿರಿನ ಗಣಿಗಳಿದ್ದು, 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿ ನಿಷೇಧವನ್ನು ಈ ಜಿಲ್ಲೆಗೂ ವಿಸ್ತರಿಸಿದಾಗ ಮಾತ್ರ ಈ ಭಾಗ ಸುದ್ದಿಯಲ್ಲಿ ಕಾಣಿಸಿಕೊಂಡಿತು. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ 1898ರಿಂದ 1907ರವರೆಗೆ ಕಟ್ಟಿದ ವಾಣಿವಿಲಾಸ ಸಾಗರ, ಜನರ ಬಾಯಲ್ಲಿ ಮಾರಿಕಣಿವೆ, 1933ರ ನಂತರ ಮೊದಲ ಬಾರಿಗೆ 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದಾಗ ಸಾವಿರಾರು ಮೊಬೈಲುಗಳು ಆ ನೀರನ್ನು ಚಿತ್ರೀಕರಿಸಿದವು. ಎಂಬತ್ತೊಂಬತ್ತು ವರ್ಷ ಕಾದ ಜನರ ಸಂಭ್ರಮ ಸಹಜವಾದದ್ದು; ಅದೇ ಎಂಬತ್ತೊಂಬತ್ತು ವರ್ಷಗಳ ಬರಗಳನ್ನು, ಆ ಬರಗಳಲ್ಲಿ ದನ ಹೊಡೆದುಕೊಂಡು ಹೋದ ದಾರಿಗಳನ್ನು ನೆನೆಸಿ ಹೇಳಬಲ್ಲ ಹಿರಿಯರು ಹಟ್ಟಿಗಳಲ್ಲಿ ಇನ್ನೂ ಇರುವಾಗಲೇ ಕ್ಯಾಮೆರಾ ಅಲ್ಲಿಗೂ ಹೋಗಬೇಕು.

ಹೋಗುವ ಕ್ರಮ ಯಾವುದು ಎಂಬುದಕ್ಕೆ ಬೇರೆ ನಾಡುಗಳ ಅನುಭವ ನೆರವಾಗುತ್ತದೆ. ಕೆನಡಾದ ಉತ್ತರ ಭಾಗದ ಇನ್ಯೂಟ್ ಸಮುದಾಯದ ಝಕಾರಿಯಾಸ್ ಕುನುಕ್ ತಮ್ಮ ಜನರ ಬಾಯಿಮಾತಿನ ಪುರಾಣವೊಂದನ್ನು ತಮ್ಮದೇ ಭಾಷೆಯಲ್ಲಿ, ತಮ್ಮ ಜನರನ್ನೇ ನಟರಾಗಿಸಿ ‘ಅತನಾರ್ಜುವಾತ್’ ಎಂಬ ಚಿತ್ರ ಮಾಡಿದರು. 2001ರ ಕಾನ್ ಚಿತ್ರೋತ್ಸವದಲ್ಲಿ ಚೊಚ್ಚಲ ಚಿತ್ರಕ್ಕೆ ಕೊಡುವ ಪ್ರಶಸ್ತಿ ಅದಕ್ಕೆ ಸಂದಿತು. ಬ್ರೆಜಿಲಿನಲ್ಲಿ ವಿನ್ಸೆಂಟ್ ಕರೆಲ್ಲಿ 1980ರ ದಶಕದಲ್ಲಿ ಆರಂಭಿಸಿದ ಯೋಜನೆಯೊಂದು ಅಮೆಜಾನಿನ ಹಳ್ಳಿಗಳವರಿಗೇ ಕ್ಯಾಮೆರಾ ಕೊಟ್ಟು ತರಬೇತಿ ನೀಡಿತು. ಜಾರ್ಖಂಡಿನಲ್ಲಿ ಆದಿವಾಸಿ ನಿರ್ದೇಶಕ ಬಿಜು ಟೊಪ್ಪೊ ಮತ್ತು ಮೇಘನಾಥ್ ಅವರು ಗಣಿ, ಕಾರ್ಖಾನೆ, ಸ್ಥಳಾಂತರಗಳನ್ನು ಕುರಿತು ಸ್ಥಳೀಯ ಭಾಷೆಗಳಲ್ಲಿ ದಶಕಗಳಿಂದ ಸಾಕ್ಷ್ಯಚಿತ್ರ ಮಾಡುತ್ತ ಬಂದಿದ್ದಾರೆ. ಕರ್ನಾಟಕದ ಗಡಿಗೆ ತಾಗಿದ ಮುದುಮಲೈಯಲ್ಲಿ ಚಿತ್ರೀಕರಣಗೊಂಡು 2023ರಲ್ಲಿ ಆಸ್ಕರ್ ಪಡೆದ ‘ದಿ ಎಲಿಫೆಂಟ್ ವಿಸ್ಪರರ್ಸ್’ ಮನುಷ್ಯ ಮತ್ತು ಪ್ರಾಣಿಯ ನಂಟನ್ನು ಮನಮುಟ್ಟುವಂತೆ ತೋರಿಸಿದರೂ, ಕಾಟ್ಟುನಾಯಕನ್ ಸಮುದಾಯದ ನೆಲದ ಹಕ್ಕಿನ ಚರಿತ್ರೆಯನ್ನು ಚೌಕಟ್ಟಿನ ಹೊರಗೆ ಇಟ್ಟಿತು. ಕನ್ನಡದಲ್ಲಿಯೇ ಹತ್ತಿರದ ಮಾದರಿಯೆಂದರೆ ರಾಮ್ ರೆಡ್ಡಿಯವರ ‘ತಿಥಿ’: ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಜನರೇ ಅಲ್ಲಿ ನಟರು, ಅದೇ ಸೀಮೆಯ ಈರೇಗೌಡರು ಚಿತ್ರಕತೆಯಲ್ಲಿ ಪಾಲುದಾರರು, ಕುರಿಗಾಹಿಗಳ ಅಲೆದಾಟ ಕತೆಯ ಒಂದು ಮುಖ್ಯ ಎಳೆ. ಒಳಗಿನವರು ಬರವಣಿಗೆಯ ಹಂತದಲ್ಲಿಯೇ ಇದ್ದರೆ ಚಿತ್ರದ ಮಾತು, ನಡೆ, ಹಾಸ್ಯ ಎಲ್ಲವೂ ಬೇರೆಯಾಗುತ್ತವೆ ಎಂಬುದನ್ನು ಅದು ತೋರಿಸಿಕೊಟ್ಟಿದೆ.

ಚಿತ್ರದುರ್ಗ ಸೀಮೆಗೆ ಈ ಪಾಠವನ್ನು ಅನ್ವಯಿಸುವಾಗ ಎರಡು ತೊಡಕುಗಳು ಎದುರಾಗುತ್ತವೆ. ಮೊದಲನೆಯದು ಭಾಷೆಯದು. ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಅನೇಕ ಮ್ಯಾಸಬೇಡ ಕುಟುಂಬಗಳ ಮನೆಮಾತು ತೆಲುಗು. ಅವರ ದೈವಗಳ ಕಥನ ಎರಡೂ ಭಾಷೆಗಳ ನಡುವೆ ಹರಿದಾಡುತ್ತದೆ. ಎಲ್ಲವನ್ನೂ ಶುದ್ಧ ಕನ್ನಡದ ಸಂಭಾಷಣೆಗೆ ಇಳಿಸುವ ಚಿತ್ರ ಆ ಕ್ಷಣವೇ ಅವರ ದನಿಯನ್ನು ಬಿಟ್ಟುಕೊಟ್ಟಂತೆ. ಎರಡನೆಯದು ಹೆಚ್ಚು ಕಷ್ಟದ್ದು. ಸಮುದಾಯದ ದನಿ ಎಂದಾಗ ಒಳಗೆ ಇರುವುದು ಒಂದೇ ದನಿಯಲ್ಲ. ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗೆ ಇರಿಸುವ ರೂಢಿ ಹಲವೆಡೆ ಇನ್ನೂ ಉಳಿದಿದೆ. ಅದರಿಂದ ತಾಯಿ ಮಗು ಪಡುವ ಪಾಡನ್ನು ಪತ್ರಿಕೆಗಳು ಮತ್ತೆ ಮತ್ತೆ ಬರೆದಿವೆ. ಸಂಸ್ಕೃತಿಯ ಹೆಸರಿನಲ್ಲಿ ಇದನ್ನು ಮರೆಮಾಡುವ ಚಿತ್ರ ಹೆಣ್ಣುಮಕ್ಕಳಿಗೆ ಅನ್ಯಾಯ ಮಾಡುತ್ತದೆ. ಇದನ್ನೇ ಇಡೀ ಸಮುದಾಯದ ಗುರುತಾಗಿಸಿ ತೋರಿಸುವ ಚಿತ್ರ ನೆಲದ ಹಕ್ಕಿಗಾಗಿ ದನಿ ಎತ್ತಿರುವ ಅದೇ ಜನರನ್ನು ಹಿಂದುಳಿದವರೆಂದು ತಳ್ಳಿಹಾಕಲು ನೆಪ ಒದಗಿಸುತ್ತದೆ. ಹಟ್ಟಿಯ ಹೆಣ್ಣುಮಕ್ಕಳೇ, ಓದಿ ಬಂದ ಈ ತಲೆಮಾರಿನ ಯುವತಿಯರೇ, ಈ ರೂಢಿಯ ಬಗ್ಗೆ ಏನು ಹೇಳುತ್ತಾರೆ ಎಂಬುದನ್ನು ಕೇಳಿಸುವ ಚಿತ್ರಕ್ಕೆ ಮಾತ್ರ ಈ ಇಕ್ಕಟ್ಟಿನಿಂದ ದಾರಿ ಸಿಗಬಹುದು. ಸಿರಿಯಜ್ಜಿಯಂಥವರ ಹಾಡಿನ ಪರಂಪರೆಯಲ್ಲಿ ಹೆಣ್ಣಿನ ದುಃಖ ಹೇಳಿಕೊಳ್ಳುವ ನುಡಿಗಟ್ಟು ಮೊದಲೇ ಸಿದ್ಧವಾಗಿದೆ.

ಅದೇ ಕಾಡುಗೊಲ್ಲರು ಪುರ್ಲೆಹಳ್ಳಿಯ ಬಳಿ ನಡೆಸುವ ಕ್ಯಾತೇದೇವರ ಜಾತ್ರೆಯಲ್ಲಿ ಮುಳ್ಳಿನ ಕೊಂಬೆಗಳಿಂದ ಕಟ್ಟಿದ ಗುಡಿಯನ್ನು ಬರಿಗಾಲಲ್ಲಿ ಏರಿ ಕಳಶ ಇಳಿಸುವ ಆಚರಣೆ ಟಿ.ವಿ. ವಾಹಿನಿಗಳಿಗೆ ಪ್ರಿಯವಾದ ದೃಶ್ಯ. ಅದು ತೆರೆಯ ಮೇಲೆ ಬರುವುದು ಒಂದೆರಡು ನಿಮಿಷದ ವಿಸ್ಮಯವಾಗಿ. ಮುಳ್ಳು ಎಲ್ಲಿಂದ ಬರುತ್ತದೆ, ಯಾವ ಗಿಡದ ಕೊಂಬೆಗೆ ಯಾವ ಹಟ್ಟಿಯವರು ಹೊಣೆ, ಆ ಗಿಡಗಳಿದ್ದ ಬಯಲು ಈಗ ಎಷ್ಟು ಉಳಿದಿದೆ ಎಂದು ವಿಚಾರಿಸಿದರೆ ಅದೇ ದೃಶ್ಯ ಸೀಮೆಯ ಸಸ್ಯಗಳ, ಸಮುದಾಯದ ಒಳಹೆಣಿಗೆಯ, ನೆಲದ ನಷ್ಟದ ದಾಖಲೆಯಾಗುತ್ತದೆ. ದೇವರ ಎತ್ತುಗಳ ವಿಷಯದಲ್ಲಿಯೂ ಹಾಗೆಯೇ. ಬರ ಬಂದಾಗ ಹಿಂಡಿಗೆ ಮೇವು ಹೊಂದಿಸಲು ಕಿಲಾರಿಗಳು ಪಡುವ ಪಾಡನ್ನು ಒಂದು ಮಳೆಗಾಲದಿಂದ ಮುಂದಿನ ಮಳೆಗಾಲದವರೆಗೆ ಹಿಂಡಿನ ನಡಿಗೆಯ ವೇಗದಲ್ಲಿಯೇ ಹಿಂಬಾಲಿಸುವ ಚಿತ್ರ, ಹುಲ್ಲುಗಾವಲು ಹೇಗೆ ಬದುಕುತ್ತದೆ ಎಂಬುದನ್ನು ಯಾವ ನಿರೂಪಕನ ವಿವರಣೆಯೂ ಇಲ್ಲದೆ ತೋರಿಸಬಲ್ಲದು. ಜುಂಜಪ್ಪನ ಕಾವ್ಯದ ನಡೆಯೂ ಅದೇ: ಹಿಂಡು ಹೋದ ಕಡೆ ಕತೆ ಹೋಗುತ್ತದೆ. ಮೂರು ಅಂಕದ ಚಿತ್ರಕತೆಯೊಳಗೆ ಅದನ್ನು ತುರುಕುವ ಬದಲು ಹಾಡು, ಗಣೆ, ಮೌನಗಳ ಸರದಿಯನ್ನೇ ಸಂಕಲನದ ಕ್ರಮವಾಗಿಸಿಕೊಳ್ಳುವ ನಿರ್ದೇಶಕನಿಗೆ ಇಲ್ಲಿ ಹೊಸ ಸಿನಿಮಾ ಭಾಷೆಯೇ ದೊರೆಯುವ ಸಾಧ್ಯತೆ ಇದೆ.

ಇಂಥ ಚಿತ್ರಗಳನ್ನು ಮಾಡುವವರೂ ನೋಡುವವರೂ ಇದೇ ಸೀಮೆಯಲ್ಲಿ ಸಿದ್ಧವಾಗಬಹುದು ಎಂಬುದಕ್ಕೆ ರಂಗಭೂಮಿಯ ಆಧಾರವಿದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಸ್ವಾಮೀಜಿಯವರ ನೇತೃತ್ವದಲ್ಲಿ 1997ರಲ್ಲಿ ಆರಂಭವಾದ ಶಿವಸಂಚಾರ ತಿರುಗಾಟ ಪ್ರತಿವರ್ಷ ಮೂರು ನಾಟಕಗಳನ್ನು ನಾಡಿನ ಊರೂರಿಗೆ ಒಯ್ಯುತ್ತದೆ. ಅಲ್ಲಿಯ ರಂಗಶಾಲೆ ಹಳ್ಳಿಗಳ ಹುಡುಗ ಹುಡುಗಿಯರಿಗೆ ನಟನೆ, ಧ್ವನಿ, ಬೆಳಕುಗಳ ಶಿಸ್ತು ಕಲಿಸುತ್ತದೆ. ಬಯಲು ರಂಗಮಂದಿರದಲ್ಲಿ ಸಾವಿರಾರು ಜನ ಕೂತು ಗಂಭೀರ ನಾಟಕ ನೋಡುತ್ತಾರೆ. ಸಾಕ್ಷ್ಯಚಿತ್ರಗಳಿಗೆ ಪ್ರೇಕ್ಷಕರಿಲ್ಲ ಎಂಬ ಮಾತು ಬೆಂಗಳೂರಿನ ಚಿತ್ರಮಂದಿರಗಳ ಲೆಕ್ಕದ್ದು. ನಾಟಕಕ್ಕೆ ಹೀಗೆ ಸೇರುವ ಸೀಮೆಯಲ್ಲಿ ಗೊಲ್ಲರಹಟ್ಟಿಯ ಅಂಗಳದ ಪರದೆಯ ಮೇಲೆ ಅದೇ ಹಟ್ಟಿಯವರ ಗಣೆಯ ದನಿ ಕೇಳಿಸಿದರೆ ಜನ ಸೇರದಿರಲು ಕಾರಣವಿಲ್ಲ.

ಚಿತ್ರೀಕರಣ ಮುಗಿದ ಮೇಲೆ ದಾಖಲೆ ಯಾರ ಬಳಿ ಉಳಿಯಬೇಕು ಎಂಬ ಪ್ರಶ್ನೆಗೆ ಇಲ್ಲಿಯವರೆಗಿನ ಉತ್ತರ ತೃಪ್ತಿಕರವಾಗಿಲ್ಲ. ವಿಶ್ವವಿದ್ಯಾಲಯಗಳ ಧ್ವನಿಮುದ್ರಿಕೆಗಳು, ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದ ಸಂಗ್ರಹ, ಖಾಸಗಿ ಸಂಶೋಧಕರ ಕ್ಯಾಸೆಟ್ಟುಗಳು, ವಾಹಿನಿಗಳ ತುಣುಕುಗಳು ಎಲ್ಲವೂ ಹಾಡಿದವರ ಊರಿನಿಂದ ದೂರವೇ ಉಳಿದಿವೆ. ಹಾಡಿದವರ ಹೆಸರು ಚಿತ್ರದ ಶೀರ್ಷಿಕೆ ಪಟ್ಟಿಯಲ್ಲಿ ಬರುವುದು, ಸಂಭಾವನೆಯ ಒಪ್ಪಂದ ಬರಹದಲ್ಲಿ ಇರುವುದು, ದೈವಕ್ಕೆ ಸಂಬಂಧಿಸಿ ತೋರಬಾರದು ಎನ್ನುವ ಭಾಗವನ್ನು ತೋರದಿರುವುದು, ಪೂರ್ಣ ಚಿತ್ರೀಕರಣದ ಪ್ರತಿಯೊಂದನ್ನು ಹಟ್ಟಿಯ ಶಾಲೆಗೋ ಕಟ್ಟೆಮನೆಗೋ ಒಪ್ಪಿಸುವುದು ಇವೆಲ್ಲ ದೊಡ್ಡ ಖರ್ಚಿನ ಕೆಲಸಗಳಲ್ಲ. ಚಲನಚಿತ್ರ ಅಕಾಡೆಮಿಯೂ ಸಹಾಯಧನ ಕೊಡುವ ವಾರ್ತಾ ಇಲಾಖೆಯೂ ಬುಡಕಟ್ಟು ವಸ್ತುವಿನ ಚಿತ್ರಗಳಿಗೆ ಇವನ್ನು ಷರತ್ತಾಗಿ ವಿಧಿಸಬಹುದು. ಕಾವಲಿನ ಹಕ್ಕನ್ನು ಸ್ಥಾಪಿಸಲು ಮೇಯಿಸಿದ ದಾರಿಗಳ, ನೀರಿನ ತಾಣಗಳ, ದೈವದ ನೆಲೆಗಳ ಸಾಕ್ಷ್ಯ ಬೇಕಾಗುತ್ತದೆ. ಅರಣ್ಯ ಹಕ್ಕು ಕಾಯ್ದೆಯ ನಿಯಮಗಳು ಹಿರಿಯರ ಹೇಳಿಕೆಯನ್ನು ಪುರಾವೆಯಾಗಿ ಒಪ್ಪುತ್ತವೆ. ಆ ಹೇಳಿಕೆಗಳು, ಅವು ಹೆಸರಿಸುವ ಜಾಗಗಳಲ್ಲಿಯೇ ಚಿತ್ರಿತವಾಗಿ ಗ್ರಾಮಸಭೆಯ ಕೈಯಲ್ಲಿದ್ದರೆ, ಚಿತ್ರೋತ್ಸವದ ಪ್ರಶಸ್ತಿ ಬರಲಿ ಬಿಡಲಿ, ಆ ಚಿತ್ರ ಹಕ್ಕಿನ ಅರ್ಜಿಯ ಜೊತೆಗೆ ಲಗತ್ತಿಸಬಹುದಾದ ದಾಖಲೆಯಾಗಿರುತ್ತದೆ.